ವೆರಿಲ್ ಜಾಗಕ್ಕೆ ಬಂದವರು

"ಎತ್ರಪ್ಪ," ಎಂದಳು ಡಾರ್ಕಸ್. ಆರು ಮಂದಿ ಬಗ್ಗಿ ಅವಳ ಅಣ್ಣ ಮ್ಯಾಥ್ಯೂ ವೆರಿಲ್‌ನ ಶವಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ಎಡಗಡೆಯ ಮುಂದಿನ ಮೂಲೆಗಾಗಿ ಇಬ್ಬರು ಮೊಣಕೈಯಲ್ಲಿ ತಿವಿದಾಡಿದ್ದರು; ಕ್ಯಾಪ್ಟನ್ ಹಾರ್ಲಂಡ್ ನಡೆಯುವುದು ಆ ಕಡೆ. ಗೆದ್ದವನು ಗಿಡಿಯನ್ ಲೆಂಗ್.

ಇಂಗ್ಲೆಂಡಿನ ವಿಟ್ಬಿ ಬಂದರಿನಲ್ಲಿ ಸತ್ತವರನ್ನು ಉದ್ದನೆಯ ಮೆಟ್ಟಿಲು ಹತ್ತಿ ಗುಡ್ಡದ ಮೇಲಿನ ಚರ್ಚಿಗೆ ಹೊತ್ತೇ ಒಯ್ಯಬೇಕು. ಹೊತ್ತವರೆಲ್ಲ ಕೆಲಸವಿಲ್ಲದೆ ಕೂತಿದ್ದ ಹಡಗು ಅಧಿಕಾರಿಗಳು. ಗಿಡಿಯನ್ ಒಬ್ಬನನ್ನು ಬಿಟ್ಟರೆ ಯಾರಿಗೂ ವೆರಿಲ್‌ನ ಮುಖಪರಿಚಯವೂ ಇರಲಿಲ್ಲ. ವೆರಿಲ್ ಸತ್ತು ಹಾರ್ಲಂಡ್ ಹಡಗಿನಲ್ಲಿ ಮೇಟ್ ಕೆಲಸ, ಅಂದರೆ ಕ್ಯಾಪ್ಟನ್ ನಂತರದ ಅಧಿಕಾರಿಯ ಜಾಗ, ಖಾಲಿಯಾಗಿತ್ತು, ಹಡಗು ಇವತ್ತಿನ ಉಬ್ಬರದಲ್ಲೇ ಹೊರಡಬೇಕಿತ್ತು. ಅದಕ್ಕೇ ಈ ಭಕ್ತಿ.

ಗಿಡಿಯನ್‌ಗೆ ಮೆಟ್ಟಿಲುಗಳ ಮೇಲೂ ರೇಗಿತು, ತನ್ನ ಮೇಲೂ ರೇಗಿತು. ಹಾಯಿ ಹಡಗುಗಳನ್ನು ಉಗಿ ಹಡಗುಗಳು ನುಂಗುತ್ತಿದ್ದ ಕಾಲ. ಒಂದೂವರೆ ವರ್ಷದಿಂದ ಹಡಗು ಮಾಲೀಕರ ಬಾಗಿಲು ಕಾದು ಬೂಟು ಸವೆದಿದ್ದವು. ಮೇಟ್ ಆಗಿ ಅನುಭವ ಎಲ್ಲಿ ಎಂದು ಕೇಳುವವರೇ ಎಲ್ಲ. ಅನುಭವ ಪಡೆಯಲು ಹಡಗು ಕೊಡುವ ಪುಣ್ಯಾತ್ಮ ಒಬ್ಬನೂ ಇಲ್ಲ.

*

ಹೋದ ಚಳಿಗಾಲ ಬಂದರಿನ ಕಟ್ಟೆಯ ಮೇಲೆ ವೆರಿಲ್ ಗಿಡಿಯನ್ ಪಕ್ಕ ಕೂತು, ಏನೂ ಕೇಳದೆ, ತನ್ನ ಬ್ರೆಡ್ಡು ಮೀನನ್ನು ಅರ್ಧ ಮಾಡಿ ಕೊಟ್ಟಿದ್ದ. ಆಮೇಲೆ ಊರಿಗೆ ಬಂದಾಗಲೆಲ್ಲ ಅದೇ ಕಟ್ಟೆ, ಅದೇ ಅರ್ಧ. ತಲೆ ನರೆತರೂ ಮೇಟ್ ಆಗಿಯೇ ಉಳಿದ ಮನುಷ್ಯ. ತಂಗಿಯ ಮನೆಗೆ ಬಂದು, ಅವಳಿಂದ ಬೈಸಿಕೊಂಡು, ಚಾವಣಿ ರಿಪೇರಿ ಮಾಡಿ ಮತ್ತೆ ಹಡಗು ಹತ್ತುತ್ತಿದ್ದ. ಯಾರದೋ ಹೆಣಕ್ಕೆ ಹೆಗಲು ಕೊಟ್ಟೇ ತನಗೂ ಕೆಲಸ ಸಿಕ್ಕಿದ್ದೆಂದು ನಗುತ್ತಾ ಹೇಳಿದ್ದ.

"ನಾನು ಸತ್ತಾಗ ಎಲ್ಲರಿಗಿಂತ ಮುಂಚೆ ಬಾ ಮಾರಾಯ. ಒಗೆದ ಕಾಲರ್ ಹಾಕ್ಕೊಂಡು ಬಾ. ಹಾರ್ಲಂಡ್ ಮೊದಲು ಕಾಲರ್ ನೋಡ್ತಾನೆ."

*

ಅರ್ಧ ದಾರಿಯಲ್ಲಿ ಹೊತ್ತವರು ದಣಿವಾರಿಸಿಕೊಳ್ಳಲು ಒಂದು ಬೆಂಚಿದೆ. ಅದರ ಮೇಲೆ ಪೆಟ್ಟಿಗೆ ಇಳಿಸಿದರು. ಏದುಸಿರು ಬಿಡುತ್ತಿದ್ದ ಕ್ಯಾಪ್ಟನ್ ಆರು ಮಂದಿಯನ್ನೂ ಸಂತೆಯಲ್ಲಿ ದನ ನೋಡುವಂತೆ ನೋಡಿ, ಒಗೆದ ಕಾಲರ್ ಹಾಕಿದ್ದ ಗಿಡಿಯನ್‌ಗೆ ಬೆರಳು ತೋರಿದ.

"ನೀನು. ಈಗಲೇ ನಡಿ. ಹಡಗಿನ ಕಾಗದಕ್ಕೆ ಸಹಿ ಹಾಕಿ ಗಂಟುಮೂಟೆ ಕಟ್ಟೋಷ್ಟರಲ್ಲಿ ನೀರು ಏರಿರುತ್ತೆ."

ಮಿಕ್ಕವರಲ್ಲಿ ಇಬ್ಬರು ಆಗಲೇ ಟೋಪಿ ಹಾಕಿಕೊಂಡು ಕೆಳಗಿಳಿಯುತ್ತಿದ್ದರು. ಉಳಿದ ಮೂವರು ಮುಖ ಊದಿಸಿಕೊಂಡು ನಿಂತಿದ್ದರು. ಮೇಲೆ ತಲುಪಿಸಿ ಓಡಿ ಬರುತ್ತೇನೆಂದು ಗಿಡಿಯನ್ ಗೋಗರೆದ. ಹಾಗಾದರೆ ಬೇರೆಯವನನ್ನು ಕರೆಯುತ್ತೇನೆ ಎಂದ ಕ್ಯಾಪ್ಟನ್. ಗಿಡಿಯನ್ ಡಾರ್ಕಸ್ ಕಡೆ ತಿರುಗಿದ.

"ನನ್ನ ಮುಖ ಏನ್ ನೋಡ್ತೀಯ?" ಎಂದಳು ಅವಳು. "ಹೋಗೋದಾದ್ರೆ ಹೋಗು. ಹೋಗು ಅಂತ ಬಾಯಲ್ಲೂ ನಾನೇ ಹೇಳ್ಬೇಕಾ? ನಮ್ಮಣ್ಣ ಎಷ್ಟು ಹೊತ್ತು ಅಂತ ಗಾಳೀಲಿ ಕಾಯ್ಬೇಕು?"

ಅವನು ಹೋದ. ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಕಾಲು ಮಾತ್ರ ತಡೆಯದೆ ಇಳಿದವು.

ಮೆಟ್ಟಿಲ ಬುಡದಲ್ಲಿ ಒಮ್ಮೆ ಹಿಂದಿರುಗಿ ನೋಡಿದ. ಉಳಿದ ಮೂವರ ಹೆಗಲ ಮೇಲೆ ಪೆಟ್ಟಿಗೆ ಮೇಲೇರುತ್ತಿತ್ತು. ಅವನು ಬಿಟ್ಟ ಮೂಲೆಗೆ ಡಾರ್ಕಸ್ ಹೆಗಲು ಕೊಟ್ಟಿದ್ದಳು. ಅವಳು ಕುಳ್ಳಿ. ಒಂದು ಕೈಯಲ್ಲಿ ಲಂಗ ಎತ್ತಿ ಹಿಡಿದು ಹತ್ತುತ್ತಿದ್ದಳು, ಪೆಟ್ಟಿಗೆಯೆಲ್ಲ ಅವಳ ಕಡೆಗೇ ವಾಲಿತ್ತು.