ಸೊಟ್ಟ ಅಂಚಿನ ಪತ್ರ

ಅಪ್ಪ ಸುಳ್ಳು ಹೇಳುವಾಗ ಕೀಲಿಗೊಂಚಲು ತಿರುಗಿಸುತ್ತಾನೆ. ಮಗಳು ಇದನ್ನು ಚಿಕ್ಕವಳಿದ್ದಾಗಲೇ ಕಂಡುಕೊಂಡಿದ್ದಳು. ಗೊಂಚಲಿನಲ್ಲಿ ಅಂಗಡಿಯ ಷಟರಿನ ಕೀಲಿ, ಮನೆ ಕೀಲಿ, ಜೊತೆಗೆ ಹಳದಿಗಟ್ಟಿದ ಒಂದು ಪ್ಲಾಸ್ಟಿಕ್ ಪಟ್ಟಿ. ಅವನ ಬೆರಳು ಯಾವಾಗಲೂ ಆ ಪಟ್ಟಿಯ ಮೇಲೇ ಆಡುತ್ತಿರುತ್ತಿತ್ತು.

"ಅಪ್ಪಾ, ನನ್ನ ಪೌರತ್ವ ಪತ್ರದ ಒರಿಜಿನಲ್ ಬೇಕಂತೆ. ಸೋಮವಾರವೇ ಕಡೇ ದಿನ," ಎಂದು ಅವಳು ಹೇಳಿದ್ದೇ ತಡ, ಗೊಂಚಲು ಗಿರಗಿರ ತಿರುಗಿತು.

"ಕಾಪಿ ಕೊಡ್ತೀನಿ ಬಿಡು. ಕಲರ್ ಕಾಪಿ. ಒರಿಜಿನಲ್ಲೇ ನಾಚ್ಕೋಬೇಕು, ಹಾಗಿರುತ್ತೆ."

"ಕಾಪಿ ಆಗಲ್ಲವಂತೆ."

"ಇಷ್ಟು ವರ್ಷ ಸ್ಕೂಲಲ್ಲಿ ಆಯ್ತಲ್ಲ?"

ಆಗಿತ್ತು, ನಿಜ. ಸ್ಕೂಲಿನವರು ಕಣ್ಣು ಮುಚ್ಚಿಕೊಂಡು ತೆಗೆದುಕೊಂಡಿದ್ದರು. ಆದರೆ ಈಗ ಅವಳಿಗೆ ಕಣ್ಣಿನ ಪರೀಕ್ಷೆ ಮಾಡುವ ಕೋರ್ಸಿಗೆ ಸೀಟು ಸಿಕ್ಕಿತ್ತು. ಸರ್ಕಾರದ ವಿದ್ಯಾರ್ಥಿ ನೆರವು ಬಂದರೆ ಓದು, ಇಲ್ಲದಿದ್ದರೆ ಸೀಟು ಬೇರೆಯವರ ಪಾಲು. ನೆರವು ಈ ದೇಶದ ಪ್ರಜೆಗಳಿಗೆ ಮಾತ್ರ. ಅವಳು ಪ್ರಜೆಯೋ ಅಲ್ಲವೋ ಎಂದು ಹೇಳಬೇಕಾಗಿದ್ದದ್ದು ಆ ಒಂದು ಹಾಳೆ. ಅದನ್ನು ಅವಳು ಹುಟ್ಟಿದಾಗಿನಿಂದ ಒಮ್ಮೆಯೂ ಕಂಡಿರಲಿಲ್ಲ. ಕಂಡಿದ್ದೆಲ್ಲ ಕಾಪಿಗಳೇ, ಅವುಗಳಲ್ಲೂ ಕೆಳಗಡೆ ಒಂದು ಕಪ್ಪು ಪಟ್ಟೆ.

ತಲೆಗೆ ಹುಳ ಹೊಕ್ಕಿತು. ಅಮ್ಮ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಸೋದರತ್ತೆ. ಅವಳನ್ನೇ ಕೇಳಿದಳು.

"ಅತ್ತೇ, ನಿಜ ಹೇಳು. ನಾವು ಗಡಿ ದಾಟಿ ಬಂದಾಗ ನನಗೆ ಕಾಗದ ಮಾಡ್ಸಿದ್ರಾ ಇಲ್ವಾ?"

ಅತ್ತೆ ಸೀರೆ ಮಡಚುವುದನ್ನು ನಿಲ್ಲಿಸಲೇ ಇಲ್ಲ. "ಮಾಡ್ಸದೆ ಏನು? ನಿಮ್ಮಪ್ಪನ್ನ ಕೇಳು, ನನ್ನನ್ಯಾಕೆ ಇದರಲ್ಲಿ ಎಳೀತೀಯ. ಆಮೇಲೆ ನಾನು ಬಾಯಿ ಬಿಟ್ಟೆ ಅಂತ ಅವನು ಮುಖ ಊದಿಸ್ಕೋತಾನೆ."

ಬಾಯಿ ಬಿಡುವಂಥದ್ದು ಏನೋ ಇದೆ ಎಂದಾಯಿತಲ್ಲ! ಹುಡುಗಿಗೆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಅಂಗಡಿಗೇ ಹೋದಳು. ಓಣಿಯವರೆಲ್ಲ ಅಪ್ಪನನ್ನು ಜೆರಾಕ್ಸಣ್ಣ ಎಂದೇ ಕರೆಯುವುದು. ಎರಡು ಕಾಪಿ ಮಷೀನು, ಒಂದು ಲ್ಯಾಮಿನೇಷನ್ ಮಷೀನು, ಬಿಸಿ ಪ್ಲಾಸ್ಟಿಕ್ಕಿನ ವಾಸನೆ. ಗಿರಾಕಿ ಕೌಂಟರಿನ ಆ ಕಡೆ ಹಾಳೆ ಇಡುವಷ್ಟರಲ್ಲಿ ಅಪ್ಪ ಈ ಕಡೆಯಿಂದ ತಲೆಕೆಳಗಾಗಿಯೇ ಓದಿ ಮುಗಿಸಿ, "ಇದರ ಹಿಂದುಗಡೆನೂ ಬೇಕಲ್ವಾ?" ಎನ್ನುತ್ತಿದ್ದ. ತಲೆಯ ಮೇಲೊಂದು ಬೋರ್ಡು: ಒರಿಜಿನಲ್ ದಾಖಲೆಗಳನ್ನು ಲ್ಯಾಮಿನೇಷನ್ ಮಾಡುವುದಿಲ್ಲ, ದಯವಿಟ್ಟು ಒತ್ತಾಯಿಸಬೇಡಿ.

"ಕೊಡ್ತೀಯೋ ಇಲ್ವೋ?" ಎಂದಳು ಮಗಳು.

ಅಪ್ಪ ಅತ್ತಿತ್ತ ನೋಡಿದ. ಕಡೆಗೆ ಮಷೀನಿನ ಕೆಳಗಿನ ಖಾನೆಯಿಂದ ಬಟ್ಟೆಯಲ್ಲಿ ಸುತ್ತಿದ್ದನ್ನು ತೆಗೆದುಕೊಟ್ಟು, "ಬಗ್ಗಿಸ್ಬೇಡ," ಎಂದಷ್ಟೇ ಹೇಳಿ ಬೆನ್ನು ತಿರುಗಿಸಿದ.

ಬಿಚ್ಚಿದರೆ, ಲ್ಯಾಮಿನೇಷನ್! ಅವಳು ಪತ್ರ ನೋಡಿದಳು, ಬೋರ್ಡು ನೋಡಿದಳು. ಊರವರ ಒರಿಜಿನಲ್ ಮುಟ್ಟದ ಮನುಷ್ಯ ತನ್ನ ಮಗಳದ್ದನ್ನು ಹೀಗೆ ಮಾಡುತ್ತಾನೆಯೇ? ಕೆಳಗಿನ ಅಂಚು ಬೇರೆ, ಕಾಪಿಗಳಲ್ಲಿ ಕಪ್ಪು ಪಟ್ಟೆ ಬೀಳುತ್ತಿದ್ದ ಕಡೆಯೇ, ಸೊಟ್ಟಗೆ ಕತ್ತರಿಸಿಹೋಗಿದೆ. ಇದು ಒರಿಜಿನಲ್ಲೇ ಅಲ್ಲದಿದ್ದರೆ? ಈ ಅಂಗಡಿಯಲ್ಲೇ, ಈ ಮಷೀನಿನಲ್ಲೇ ಹುಟ್ಟಿದ್ದಾದರೆ? ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ನೆರವಿನ ಕಚೇರಿಯ ಅಧಿಕಾರಿ ಹೆಂಗಸು ಕನ್ನಡಕ ಹಣೆಗೇರಿಸಿ ಪತ್ರದ ಮೇಲೆ ಹೆಬ್ಬೆರಳು ಸವರಿದರು. ಮತ್ತೆ ಸವರಿದರು.

"ಇಲ್ಲಿ ಉಬ್ಬು ಮುದ್ರೆ ಇರುತ್ತಮ್ಮ, ಕೈಗೆ ಸಿಗ್ಬೇಕು. ಪ್ಲಾಸ್ಟಿಕ್ ಹಾಕಿದ್ರೆ ಹೇಗೆ ಸಿಗುತ್ತೆ? ಕೆಳಗೆ ನಂಬರ್ ಇರ್ಬೇಕಿತ್ತು, ಅದೂ ಇಲ್ಲ. ನಂಬರ್ ಇಲ್ಲದೆ ಬರೀ ಹೆಸರಲ್ಲಿ ಹುಡುಕ್ಸೋದು ಅಂದ್ರೆ ತಿಂಗಳುಗಟ್ಟಲೆ ಕೆಲಸ." ಆಮೇಲೆ ಕನ್ನಡಕ ಇಳಿಸಿದರು. "ಅಪ್ಪ ಏನ್ ಮಾಡ್ತಾರೆ?"

"ಜೆರಾಕ್ಸ್, ಲ್ಯಾಮಿನೇಷನ್ ಅಂಗಡಿ."

"ಓಹೋ."

ಆ 'ಓಹೋ' ಹುಡುಗಿಯ ಎದೆಗೆ ನಾಟಿತು.

"ಇದನ್ನ ಅವರೇ ತಯಾರು ಮಾಡಿರಬಹುದಾ?"

ಇಲ್ಲ ಎನ್ನಬೇಕಿತ್ತು. ಒಂದೇ ಮಾತು, ಇಲ್ಲ. ಹೆತ್ತ ತಂದೆಯ ಮೇಲೆ ಅಷ್ಟೂ ನಂಬಿಕೆ ಇಡಲಾರದಷ್ಟು ಅನುಮಾನ ಒಳಗೆ ಬೆಳೆದುಬಿಟ್ಟಿತ್ತು.

"ಗೊತ್ತಿಲ್ಲ ಮೇಡಂ. ಮಾಡಿರಬಹುದು."

ಅವರು ಅದನ್ನು ಹಾಗೇ ಫೈಲಿನಲ್ಲಿ ಬರೆದುಕೊಂಡು, ಸೋಮವಾರ ಅಪ್ಪನನ್ನು ಕರೆದುಕೊಂಡು ಬಾ ಎಂದರು. ಹೊರಗೆ ಬಂದ ಮೇಲೆ ಹುಡುಗಿ ನಾಲಿಗೆ ಕಚ್ಚಿಕೊಂಡಳು. ಆದರೆ ಆಡಿದ್ದು ಆಡಿಯಾಗಿತ್ತು.

ಸೋಮವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಮೇಜಿನ ಮುಂದೆ ಕುರ್ಚಿಯ ತುದಿಯಲ್ಲಿ ಕುಳಿತ. ಗೊಂಚಲು ಕೈಯಲ್ಲೇ ಇತ್ತು. ಮಗಳು ಅವನ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತ ಕಾದಳು. ತಿರುಗಿಸುತ್ತಾನೆ, ಈಗ ತಿರುಗಿಸುತ್ತಾನೆ.

"ಇದಕ್ಯಾಕೆ ಪ್ಲಾಸ್ಟಿಕ್ ಹಾಕಿದ್ರಿ?" ಎಂದು ಅಧಿಕಾರಿ ಕೇಳಿದರು.

"ಬರೋ ದಾರೀಲಿ ನಮ್ಮ ಹಳೇ ಕಾಗದ ಎಲ್ಲಾ ನೀರಲ್ಲಿ ನೆಂದು ಮುದ್ದೆ ಆದ್ವು ಮೇಡಂ. ಕಾಗದ ಇಲ್ದೆ ಯಾವ್ಯಾವ ಬಾಗಿಲಲ್ಲಿ ಕೈ ಕಟ್ಕೊಂಡು ನಿಂತೆ ಅಂತ ನನಗೇ ಗೊತ್ತು. ಇದು ಕೈಗೆ ಬಂದ ದಿನ ಮನೆಗೂ ಹೋಗ್ಲಿಲ್ಲ, ಸೀದಾ ಅಂಗಡಿಗೆ ಹೋದೆ. ಇನ್ನು ಇದಕ್ಕೆ ನೀರು ತಾಗಬಾರದು ಅಂತ. ಹಾಳು ಮಾಡ್ದೆ ಅಂತ ಆಮೇಲೆ ಯಾರೋ ಹೇಳಿದ್ರು. ಆವತ್ತೇ ಬೋರ್ಡ್ ಬರೆಸಿದೆ. ಇವಳಿಗೆ ಹೇಳಕ್ಕೆ ನಾಚಿಕೆ."

ಗೊಂಚಲು ಅಲ್ಲಾಡಲಿಲ್ಲ.

"ಕೆಳಗಡೆ ಕತ್ತರಿಸಿದ್ದು?"

"ನಮ್ಮ ಕವರ್ ಚಿಕ್ಕದು, ಇದು ಉದ್ದ. ಕೆಳಗೆ ಸಣ್ಣದಾಗಿ ಏನೋ ನಂಬರ್ ಇತ್ತು. ಪ್ರೆಸ್ಸಿನವರ ಕೆಲಸದ ನಂಬರ್ ಅಂದ್ಕೊಂಡೆ. ಬಿಲ್ ಬುಕ್ಕಲ್ಲಿ, ಪಾಂಪ್ಲೆಟಲ್ಲಿ ಎಲ್ಲಾ ಹಾಗೇ ಹಾಕ್ತಾರಲ್ಲ, ನಾವು ದಿನಾ ಕತ್ತರಿಸಿ ಎಸೀತೀವಿ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಅದೇ ಕಣ್ರೀ ಬೇಕಾಗಿದ್ದು. ಎಸೆದುಬಿಟ್ರಾ?"

"ಇದನ್ನ ಎಸೆಯಕ್ಕೆ ಮನಸ್ಸು ಬರ್ಲಿಲ್ಲ," ಎಂದು ಅಪ್ಪ ಗೊಂಚಲನ್ನೇ ಮೇಜಿನ ಮೇಲಿಟ್ಟ. "ಮಗಳ ಕಾಗದ. ಅದಕ್ಕೂ ಪ್ಲಾಸ್ಟಿಕ್ ಹಾಕ್ದೆ."

ಅಧಿಕಾರಿ ಹಳದಿ ಪಟ್ಟಿಯನ್ನು ಪತ್ರದ ಕೆಳಗೆ ಜರುಗಿಸಿದರು. ಸೊಟ್ಟಕ್ಕೆ ಸೊಟ್ಟ ಕೂಡಿಕೊಂಡಿತು. ಅಂಚಿನ ಹಸಿರು ಗೆರೆ ಎಲ್ಲೂ ತುಂಡಾಗದೆ ಮುಂದುವರಿಯಿತು. ದೀಪದ ಕೆಳಗೆ ಹಿಡಿದು ನಂಬರು ಓದಿ ಕಂಪ್ಯೂಟರಿಗೆ ಹಾಕಿದರು. ತೆರೆಯ ಮೇಲೆ, ಅತ್ತು ಮೂಗು ಕೆಂಪಾದ ಒಂದು ಕೂಸಿನ ಫೋಟೋ ಬಂತು. ಅವಳೇ.

"ಸರಿಯಿದೆ," ಎಂದರು ಅಧಿಕಾರಿ. "ನೆರವಿಗೆ ಇವತ್ತೇ ಕಳಿಸ್ತೀನಿ. ಹೊಸ ಪ್ರತಿಗೆ ಅರ್ಜಿ ಹಾಕಿ. ದಯವಿಟ್ಟು ಅದನ್ನ ಅಂಗಡಿಗೆ ತಗೊಂಡು ಹೋಗ್ಬೇಡಿ."

ಅಪ್ಪ ನಕ್ಕ. ಅಧಿಕಾರಿ ಫೈಲು ತೆರೆದು, ಮೊದಲ ದಿನ ಬರೆದಿದ್ದ ಸಾಲಿನ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ಸಹಿ ಹಾಕಿದರು. ಅಪ್ಪನ ನಗು ಅಲ್ಲೇ ನಿಂತಿತು. ಫೈಲು ಅವನಿಗೆ ತಲೆಕೆಳಗಾಗಿತ್ತು. ಆದರೆ ಕೌಂಟರಿನಲ್ಲಿ ಅವನು ದಿನಾ ಓದುವುದೂ ಹಾಗೆಯೇ. ಅವನು ಓದಿಬಿಟ್ಟಿದ್ದ.

ಇಬ್ಬರೂ ಅಂಗಡಿಯ ತನಕ ನಡೆದು ಬಂದರು. ಪಟ್ಟಿಯನ್ನು ಕಚೇರಿಯಲ್ಲೇ ಇಟ್ಟುಕೊಂಡಿದ್ದರು. ಅಪ್ಪನ ಬೆರಳು ಗೊಂಚಲಿನಲ್ಲಿ ಅದನ್ನೇ ಹುಡುಕುತ್ತಿತ್ತು.

"ಅಪ್ಪಾ, ನಾನು..." ಎಂದಳು.

ಅವನು ಬಗ್ಗಿ ಷಟರಿನ ಬೀಗಕ್ಕೆ ಕೀಲಿ ಹಾಕಿದ.

"ನಾನೇ ಮಾಡಿದ್ದಿದ್ರೆ ಅಂಚು ಅಷ್ಟು ಸೊಟ್ಟ ಇರ್ತಿತ್ತಾ ಮಗಳೇ?" ಎಂದ. "ಇಷ್ಟು ವರ್ಷ ಕತ್ತರಿಸಿದೀನಿ, ಅದೊಂದೇ ಸೊಟ್ಟ. ಆವತ್ತು ನಿನ್ನ ಹೆಸರು ಓದ್ತಿದ್ದ ಹಾಗೇ ಕೈ ನಡುಗಿಬಿಡ್ತು."