ಇದು ನನ್ನ ತಿರುವು

ಸಾಹೇಬರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ. ಹನ್ನೊಂದು ವರ್ಷದಿಂದ ಹಿಂದಿನ ಸೀಟಿನಲ್ಲಿ ಕಾಲು ಚಾಚಿ, 'ಎಡಕ್ಕೆ ತಗೋ', 'ಹಾರ್ನ್ ಹೊಡಿ', 'ಅವನನ್ನ ಹಿಂದೆ ಹಾಕು' ಎಂದು ಅಪ್ಪಣೆ ಕೊಡಿಸುತ್ತಿದ್ದರು. ಡ್ರೈವರ್ ಹೇಳಿದತ್ತ ತಿರುಗಿಸುತ್ತಿದ್ದ. ವಾರದ ಆರು ದಿನ ಅವನ ಎಡಬಲ ಸಾಹೇಬರ ಬಾಯಲ್ಲಿತ್ತು. ಭಾನುವಾರ ಮಾತ್ರ ಅವನ ಬೆರಳ ತುದಿಗೆ ಬರುತ್ತಿತ್ತು. ಅವತ್ತು ಅವನು ರಿಮೋಟ್ ಕಾರುಗಳ ರೇಸಿಗೆ ಹೋಗುತ್ತಿದ್ದ.

ಆ ಭಾನುವಾರದ ರಜೆ ಸಾಹೇಬರ ಹೆಂಡತಿ ಮೇಡಂ ಕಣ್ಣಿಗೆ ಬಿತ್ತು. ಅವರಿಗೆ ಅಕ್ಕನ ಮನೆಗೆ ಹೋಗಲು ಕಾರು ಬೇಕು.

"ಆಟದ ಸಾಮಾನು ಇಟ್ಕೊಂಡು ರಜಾ ಕೇಳ್ತೀಯಲ್ಲೋ, ನಾಚಿಕೆ ಆಗಲ್ವಾ?" ಎಂದರು ಸಾಹೇಬರು. "ಸರಿ, ನಾನೂ ಬರ್ತೀನಿ. ನಿನಗಿಂತ ಒಂದು ಸುತ್ತು ಜಾಸ್ತಿ ಹೊಡೆದರೆ ಇನ್ಮೇಲೆ ಭಾನುವಾರಾನೂ ಡ್ಯೂಟಿ. ಸೋತರೆ ನಿನ್ನ ಭಾನುವಾರದ ಸುದ್ದಿಗೇ ಬರಲ್ಲ."

"ಹೊಸಬರು ಮೊದಲು ನಿಧಾನದ್ದು ತಗೋಬೇಕು ಸಾರ್. ಖಾಲಿ ಜಾಗದಲ್ಲಿ ಒಂದು ವಾರ ಸುತ್ತಿಸಿ..."

"ಮುಟ್ಟದೇ ಕಾರು ಓಡಿಸೋದನ್ನ ನನಗೆ ಹೇಳ್ಕೊಡ್ತೀಯಾ?"

ಹನ್ನೊಂದು ವರ್ಷದ ಅನುಭವದ ಮಾತು. ಡ್ರೈವರ್ ಅಂಗಡಿಗೆ ಹೋಗಲು ಕಾರಿನ ಬಾಗಿಲು ತೆಗೆದ.

ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ವೇಗದ ಕಾರು ಬಂತು. ಕಪ್ಪು ಕನ್ನಡಕ ಬಂತು, ಕೈಗವಸೂ ಬಂತು. ಭಾನುವಾರ ಬೆಳಿಗ್ಗೆ ಮುಚ್ಚಿದ ಗೋದಾಮಿನ ಅಂಗಳಕ್ಕೆ ಅವರನ್ನು ಕರೆತಂದವನೂ ಡ್ರೈವರನೇ. "ಹೇಗೂ ಅಲ್ಲಿಗೇ ಹೋಗ್ತೀಯಲ್ಲ, ಇದನ್ನ ಡ್ಯೂಟಿ ಅನ್ನಕ್ಕಾಗಲ್ಲ" ಎಂದಿದ್ದರು ಸಾಹೇಬರು.

ನೀರಿನ ಪೈಪು ಹಾಸಿ ಹಾದಿ ಮಾಡಿದ್ದರು. ಸುತ್ತಿನ ಲೆಕ್ಕ ಟೈಲರಮ್ಮನದು. ವಾರವಿಡೀ ಹೊಲಿಗೆ ಅಂಗಡಿ ನಡೆಸುವ ಆಕೆ ಭಾನುವಾರ ಸ್ಟಾಪ್‌ವಾಚ್ ಹಿಡಿದರೆ ಯಾರ ಮುಲಾಜೂ ನೋಡುತ್ತಿರಲಿಲ್ಲ. ಐದು ನಿಮಿಷ, ಎಷ್ಟು ಸುತ್ತು ಹೊಡೆದರೆ ಅಷ್ಟು.

ಸಾಹೇಬರ ಕಾರು ದೂರ ಹೋಗುವವರೆಗೆ ಚೆನ್ನಾಗಿಯೇ ಹೋಯಿತು. ತಿರುಗಿ ಅವರತ್ತ ಬರತೊಡಗಿದಾಗ ಎಡವೆಲ್ಲ ಬಲವಾಯಿತು, ಬಲವೆಲ್ಲ ಎಡವಾಯಿತು. ಹೊಸಬರೆಲ್ಲ ಮುಗ್ಗರಿಸುವುದು ಇಲ್ಲೇ. ಸಾಹೇಬರು ಬೆರಳು ಮರೆತು ಬಾಯಿಗೆ ಕೆಲಸ ಕೊಟ್ಟರು.

"ಎಡಕ್ಕೆ! ಎಡಕ್ಕೆ ತಗೋ ಅಂದೆ! ಏಯ್, ಕಿವಿ ಕೇಳ್ಸಲ್ವಾ?"

ಕಾರಿಗೆ ಸಂಬಳದ ಹಂಗಿರಲಿಲ್ಲ. ನೆಟ್ಟಗೆ ಹೋಗಿ ಪೈಪಿಗೆ ಗುದ್ದಿ ಅಂಗಾತ ಬಿತ್ತು. ತಿರುವಿನಲ್ಲಿ ನಿಂತವರು ಓಡಿ ಬಂದು ಎತ್ತಿ ನಿಲ್ಲಿಸಿದರು. ಹೀಗೆ ಬಿದ್ದು ಎದ್ದು ನಾಲ್ಕು ಸುತ್ತು.

"ಕಾರೇ ಸರಿ ಇಲ್ಲ" ಎಂದು ಅವರು ಕೈಗವಸು ಕಳಚುವಷ್ಟರಲ್ಲಿ ಟೈಲರಮ್ಮ ಕಿತ್ತಳೆ ಬಣ್ಣದ ಜಾಕೆಟ್ ಮುಂದೆ ಹಿಡಿದರು. ಓಡಿಸಿ ಮುಗಿಸಿದವರು ಮುಂದಿನ ಓಟಕ್ಕೆ ತಿರುವಿನಲ್ಲಿ ನಿಂತು, ಮಗುಚಿದ ಕಾರು ಎತ್ತಬೇಕು. ಎತ್ತದಿದ್ದರೆ ಅವರ ಸುತ್ತೆಲ್ಲ ರದ್ದು.

"ನಾನಾ? ಕಂಡೋರ ಕಾರಿಗೆ ಬಗ್ಗಬೇಕಾ?"

"ನಿಮ್ದನ್ನ ಏಳು ಸಲ ಎತ್ತಿದ್ದಾರೆ ಸ್ವಾಮಿ. ಎಣಿಸಿದೀನಿ."

ಡ್ರೈವರನ ಓಟ ಶುರುವಾಯಿತು. ಮೂರು ಸುತ್ತು ನೀರು ಕುಡಿದಷ್ಟು ಸಲೀಸು. ನಾಲ್ಕನೆಯದರಲ್ಲಿ ಪಕ್ಕದ ಕಾರು ತಾಕಿ ಅವನದು ಮಗುಚಿತು, ಸರಿಯಾಗಿ ಸಾಹೇಬರ ಕಾಲಬುಡದಲ್ಲಿ.

"ಎತ್ತಿ ಸಾರ್!"

ಸಾಹೇಬರು ಬಗ್ಗಿ ನೋಡಲಿಲ್ಲ. ಅವರದು ನಾಲ್ಕು, ಇವನದು ಮೂರು. ಕೈ ಹಿಂದೆ ಕಟ್ಟಿಕೊಂಡರು. ಸಹಿ ಹಾಕಬಾರದೆಂದು ತೀರ್ಮಾನಿಸಿದ ಫೈಲು ಮೇಜಿಗೆ ಬಂದಾಗಿನ ಮುಖ. ಪಕ್ಕದ ತಿರುವಿನವನು ತಡೆಯಲಾರದೆ ಓಡಿ ಬಂದರೆ ಅವನಿಗೂ ಅಡ್ಡ ನಿಂತರು.

"ಇದು ನನ್ನ ತಿರುವು."

ನಾಲ್ಕು ಚಕ್ರ ಮೇಲೆ ಮಾಡಿಕೊಂಡು ಗಿರಗಿರ ತಿರುಗುತ್ತಿದ್ದದ್ದು ಡ್ರೈವರನ ಭಾನುವಾರ. ತಾನೇ ಓಡಿ ಎತ್ತೋಣವೆಂದರೆ, ಓಡಿಸುವವನು ನಿಂತ ಜಾಗ ಬಿಟ್ಟರೆ ಆಟದಿಂದಲೇ ಔಟು. ಇಡೀ ಮೂರು ನಿಮಿಷ ಸಾಹೇಬರು ಕಂಬದಂತೆ ನಿಂತರು. ಟೈಲರಮ್ಮ ಸೀಟಿ ಊದಿದರು.

"ಡ್ರೈವರ್ ಮೂರು. ಸಾಹೇಬರು ಸೊನ್ನೆ."

"ನಾಲ್ಕು!"

"ಎತ್ತಲಿಲ್ಲವಲ್ಲ, ನಾಲ್ಕೂ ಹೋಯ್ತು. ಜಾಕೆಟ್ ಬಿಚ್ಚಿ."

ಸಾಹೇಬರು ಜಾಕೆಟ್ಟನ್ನು ಮಣ್ಣಿಗೆ ಎಸೆದು, ಹೊರಗೆ ನಿಲ್ಲಿಸಿದ್ದ ಕಾರಿನತ್ತ ದಾಪುಗಾಲು ಹಾಕಿದರು. "ಏಯ್, ನಡಿ ಮನೆಗೆ!"

ಡ್ರೈವರ್ ಹೋಗಿ ಕೀಯನ್ನು ಅವರ ಅಂಗೈಯಲ್ಲಿಟ್ಟ. "ಇವತ್ತು ಭಾನುವಾರ ಸಾರ್."

"ಮತ್ತೆ ನಾನು ಹೋಗೋದು ಹೇಗೋ?"

"ಬಸ್ ಸ್ಟಾಪು ಹತ್ರಾನೇ ಇದೆ."

ನಾಳೆ ಸೋಮವಾರ ಏನು ಕಾದಿದೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮುಂದಿನ ಓಟಕ್ಕೆ ತಿರುವಿನಲ್ಲಿ ನಿಲ್ಲುವ ಸರದಿ ಅವನದು. ಜಾಕೆಟ್ಟಿನ ಮಣ್ಣು ಕೊಡವಿ ತೊಟ್ಟುಕೊಂಡ. ಯಾರದೋ ಕಾರು ಆಗಲೇ ಮಗುಚಿತ್ತು.

"ಬಂದೆ, ಬಂದೆ!" ಎನ್ನುತ್ತ ಓಡಿದ.