ಬೇಡುವವರ ತೋಟ

ಜೀವಮಾನವೆಲ್ಲ ಬಸ್ಸು ಓಡಿಸಿದವನಿಗೆ ನಿವೃತ್ತಿಯಾದ ಮೇಲೆ ಮನೆಯ ಕುರ್ಚಿ ಒಗ್ಗಲಿಲ್ಲ. ಹಳೆಯ ವ್ಯಾನೊಂದನ್ನು ಕೊಂಡು, ಅದರೊಳಗೆ ಒಲೆ, ಮಂಚ, ನೀರಿನ ಟ್ಯಾಂಕು ಎಲ್ಲ ಕೂರಿಸಿ, "ನಡಿಯೇ, ಇನ್ಮೇಲೆ ನಮಗೆ ಇಷ್ಟ ಬಂದಲ್ಲಿ ಸ್ಟಾಪು" ಎಂದು ಹೆಂಡತಿಯನ್ನು ಹತ್ತಿಸಿಕೊಂಡು ಹೊರಟಿದ್ದ. ಹೇಳಿದ್ದೇನೋ ಹಾಗೆ. ಆದರೆ ಹಳೇ ಚಾಳಿ ಬಿಡಬೇಕಲ್ಲ! ಬೆಳಿಗ್ಗೆ ಎದ್ದು ಇಂಥ ಊರಿಗೆ ಇಷ್ಟು ಹೊತ್ತಿಗೆ ಅಂತ ಮನಸ್ಸಲ್ಲಿ ಬಂದುಬಿಟ್ಟರೆ ಮುಗಿಯಿತು, ನಡುವೆ ಚಕ್ರ ನಿಲ್ಲುತ್ತಿರಲಿಲ್ಲ. ಹೆಂಡತಿ ಅವನಿಗೆ ಟೈಮ್‌ಟೇಬಲ್ ಅಂತಲೇ ಹೆಸರಿಟ್ಟಿದ್ದಳು.

ಅವಳು ಹೊಲಿಗೆಯವಳು. ಬೀದಿಯ ಮೂಲೆಯ ಅಂಗಡಿಯಲ್ಲಿ ಕೂತು ಊರಿನ ಅರ್ಧ ಜನಕ್ಕೆ ಬಟ್ಟೆ ಹೊಲಿದವಳು. ಕಿಟಕಿಯ ಹೊರಗೆ ಬೆಟ್ಟ, ಹೊಳೆ ಏನೇ ಬಂದರೂ ಅವಳ ಕಣ್ಣು ಹೋಗುತ್ತಿದ್ದದ್ದು ದಾರಿಹೋಕರ ತೋಳು, ಕಾಲರಿನ ಮೇಲೆ.

ಆವತ್ತು ರಸ್ತೆ ತಿರುಗುವಲ್ಲಿ ತಂತಿಬೇಲಿಯಾಚೆ ಹುಲ್ಲಿನಲ್ಲಿ ತುಂಬಾ ಜನ ಮಂಡಿಯೂರಿ ಕೂತಿದ್ದರು. ಒಬ್ಬರೂ ಅಲ್ಲಾಡಲಿಲ್ಲ.

"ರೀ, ನಿಲ್ಲಿಸಿ."

"ಮುಂದೆ ನಿಲ್ಲಿಸ್ತೀನಿ."

"ಮುಂದೆ ಅಲ್ಲ, ಇಲ್ಲೇ. ಆ ಕಲ್ಲಿನ ಜನ ಹಾಕ್ಕೊಂಡಿರೋ ಬಟ್ಟೆ ನೋಡ್ಬೇಕು ನಾನು."

"ಸರಿಹೋಯ್ತು. ಇನ್ನು ಕಲ್ಲಿಗೂ ಅಳತೆ ತಗೊಳ್ಳೋದೊಂದು ಬಾಕಿ ಇತ್ತು" ಎಂದು ಗೊಣಗುತ್ತಲೇ ಅವನು ಗಾಡಿಯನ್ನು ಬದಿಗೆ ತೆಗೆದ.

ಒಳಗೆ ಹೋದವಳು ಸುತ್ತಲೂ ನೋಡಿದಳು. ಅಲ್ಲಿ ದೇವರ ವಿಗ್ರಹ ಒಂದೂ ಇರಲಿಲ್ಲ. ಇದ್ದವರೆಲ್ಲ ಬೇಡಿಕೊಳ್ಳುವವರು. ಕೈ ಮುಗಿದವರು, ಕೈ ಚಾಚಿದವರು, ಹಣೆಯನ್ನು ನೆಲಕ್ಕೆ ಹಚ್ಚಿದವರು, ಕಣ್ಣು ಮುಚ್ಚಿ ಮುಖವನ್ನು ಮುಗಿಲಿಗೆ ಎತ್ತಿದವರು. ಮರದ ಬುಡದಲ್ಲಿ ಒಬ್ಬಳು ಬರೀ ಸುಮ್ಮನೆ ಕೂತಿದ್ದಳು. ಕೇಳುವುದನ್ನೆಲ್ಲ ಕೇಳಿ ಮುಗಿಸಿದವಳ ಹಾಗೆ. ಮುಖಗಳನ್ನು ಒರಟಾಗಿ ತಿದ್ದಿದ್ದರು, ಮೂಗು ಬಾಯಿ ಇದೆ ಅನ್ನುವಷ್ಟು ಮಾತ್ರ. ಬಟ್ಟೆ ಮಾತ್ರ ಅಬ್ಬಬ್ಬಾ! ನಿರಿಗೆ ನಿರಿಗೆಯೂ ನಿಜದ್ದು. ಅವಳು ಒಬ್ಬನ ಸೊಂಟದ ಪಟ್ಟಿಯ ಮೇಲೆ ಬೆರಳಾಡಿಸಿದಳು. ಸಿಮೆಂಟಿನಲ್ಲಿ ಮಿಷಿನ್ ಹೊಲಿಗೆಯ ಸಾಲು ಕೈಗೆ ಸಿಕ್ಕಿತು.

"ಅದು ರೊಟ್ಟಿ ಅಂಗಡಿಯವನ ಏಪ್ರನ್ನು" ಎಂದಿತು ಹಿಂದಿನಿಂದ ಒಂದು ದನಿ.

ಗಾರೆ ಕೆಲಸದ ಅಜ್ಜ. ಮೈತುಂಬ ಬೂದುಬಣ್ಣದ ಧೂಳು. ನಿಂತಲ್ಲೇ ನಿಂತರೆ ಅವನನ್ನೂ ಬೊಂಬೆ ಅನ್ನಬಹುದಿತ್ತು. ಕಂಬಿ ಬಗ್ಗಿಸಿ ಮೈ ಕಟ್ಟುವುದು, ನಿಜವಾದ ಬಟ್ಟೆಯನ್ನು ಸಿಮೆಂಟಿನ ಗಂಜಿಯಲ್ಲಿ ಅದ್ದಿ ಅದಕ್ಕೆ ಉಡಿಸುವುದು, ಇದು ಅವನ ಕೆಲಸ. ಬಟ್ಟೆಯೆಲ್ಲ ತೀರಿಹೋದವರದ್ದು. ಊರಿನವರು ಎಸೆಯಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಅವನ ಹತ್ತಿರ ತಂದುಕೊಡುತ್ತಿದ್ದರು.

"ದೇವರನ್ನ ಯಾಕೆ ಮಾಡಿಲ್ಲ ತಾತ?" ಅವಳು ಕೇಳಿದಳು.

"ನೋಡಿದ್ರೆ ತಾನೇ ಮಾಡೋದು? ಬೇಡ್ಕೊಳ್ಳೋರನ್ನ ದಿನಾ ನೋಡ್ತೀನಿ. ಅದಕ್ಕೇ ಅವರನ್ನ ಮಾಡ್ತೀನಿ."

ಅಷ್ಟರಲ್ಲಿ ಟೈಮ್‌ಟೇಬಲ್ ಎಲ್ಲೋ ಕಾಣೆಯಾಗಿದ್ದ. ನೋಡಿದರೆ, ಡ್ರೈವರನ ಕೋಟು ತೊಟ್ಟು ತಲೆಬಾಗಿಸಿ ನಿಂತ ಒಂದು ಬೊಂಬೆಯ ಎದುರಿಗಿದ್ದಾನೆ. ತನ್ನ ಕರ್ಚೀಫಿನಿಂದ ಅದರ ಕಾಲರಿನ ಮೇಲಿನ ಹಕ್ಕಿಹಿಕ್ಕೆ ಒರೆಸುತ್ತಿದ್ದಾನೆ.

"ಹೊತ್ತಾಗಲ್ವೇನ್ರೀ?" ಅವಳು ಕೆಣಕಿದಳು.

"ಸುಮ್ನಿರು. ನಮ್ಮೋನು."

ತೋಟದ ಕೊನೆಯಲ್ಲಿ, ತಗಡಿನ ಚಪ್ಪರದ ಕೆಳಗೆ ಒಂದು ಆಕೃತಿ ಬರೀ ಮೈಯಲ್ಲಿ ಮಂಡಿಯೂರಿತ್ತು. ಗೋಣಿಚೀಲ ಸುತ್ತಿದ ಕಂಬಿಯ ಮೈ, ಮೇಲೆತ್ತಿದ ಎರಡು ಕೈ. ಪಕ್ಕದ ಟಬ್ಬಿನಲ್ಲಿ ಕಲಸಿದ ಸಿಮೆಂಟು ಹಾಗೇ ಗಟ್ಟಿಯಾಗಿತ್ತು. ಅದರಾಚೆ ಹಾಗೆಯೇ ಕೆಟ್ಟ ಇನ್ನೊಂದು ಟಬ್ಬು. ಮೊಳೆಯಲ್ಲಿ ಒಂದು ಉಣ್ಣೆಯ ಶಾಲು ನೇತಾಡುತ್ತಿತ್ತು.

"ಇದು ಯಾರದು?" ಎಂದು ಕೇಳಿದ್ದೇ ತಪ್ಪಾಯಿತೇನೋ ಅನ್ನಿಸಿತು ಅವಳಿಗೆ. ಅಜ್ಜ ತನ್ನ ಕೈಗಳನ್ನು ಮುಂದೆ ಹಿಡಿದು ತೋರಿಸಿದ. ಅವು ಗಡಗಡ ನಡುಗುತ್ತಿದ್ದವು.

"ಬೇರೆಯವರ ಬಟ್ಟೆಗೆ ಇಷ್ಟು ನಡುಗಲ್ಲಮ್ಮ. ಇದು ನಮ್ಮ ಮನೆಯವಳದ್ದು. ಅವಳದ್ದು ಅಂತ ಉಳಿದಿರೋದು ಇದೊಂದೇ. ಒಂದ್ಸಲ ಅದ್ದಿದ್ರೆ ಮುಗೀತು, ಮತ್ತೆ ತೊಳೆಯೋಕಾಗಲ್ಲ. ಕಲಸ್ತೀನಿ, ಶಾಲು ಕೈಗೆ ತಗೋತೀನಿ, ಅಷ್ಟರಲ್ಲಿ ಸಿಮೆಂಟು ಗಟ್ಟಿಯಾಗಿಬಿಡುತ್ತೆ."

"ಇವಳಿಗೆ ಕೊಡಿ" ಎಂದುಬಿಟ್ಟ ಗಂಡ. "ನಮ್ಮವಳು ಟೈಲರು. ಕತ್ತೆಗೆ ಹೊದಿಸಿದರೂ ಮದುಮಗನ ಹಾಗೆ ಕಾಣಬೇಕು."

ಅವಳು ಗಂಡನನ್ನು ದುರುಗುಟ್ಟಿ ನೋಡಿದಳು. ಇಷ್ಟು ದಿನ ಕತ್ತರಿ ಹಿಡಿದದ್ದು ಬಟ್ಟೆ ಕೆಟ್ಟರೆ ಬೇರೆ ತಂದರಾಯಿತು ಅನ್ನುವ ಧೈರ್ಯದ ಮೇಲೆ. ಈ ಶಾಲಿಗೆ ಬೇರೆ ಎಲ್ಲಿಂದ ತರುವುದು? ಬೇಡ ಅನ್ನೋಣವೆಂದು ಬಾಯಿ ತೆರೆದಳು. ಅಜ್ಜ ಆಗಲೇ ಹೊಸ ಸಿಮೆಂಟು ಚೀಲಕ್ಕೆ ಸನಿಕೆ ಹಾಕಿದ್ದ.

ಗಂಜಿ ಸಿದ್ಧವಾಯಿತು. ಅಜ್ಜ ಮುಖ ತಿರುಗಿಸಿಕೊಂಡ. ಅವಳು ಶಾಲನ್ನು ಅದ್ದಿ, ಹಿಂಡದೆ ಎತ್ತಿ, ಆಕೃತಿಯ ತಲೆಯ ಮೇಲಿಂದ ಇಳಿಬಿಟ್ಟಳು. ಶಾಲಿನ ಒಂದು ಅಂಚು ಹರಿದಿತ್ತು. ಯಾರೋ ದಪ್ಪ ದಾರದಲ್ಲಿ ಅದನ್ನು ಕೂಡಿಸಿ ಹೊಲಿದಿದ್ದರು, ಏರುಪೇರು ಹೊಲಿಗೆ. ಅವಳ ಕೈ ತನ್ನಷ್ಟಕ್ಕೆ ಆ ಅಂಚನ್ನು ಒಳಕ್ಕೆ ಮಡಿಚಿತು. ಹರುಕು ಹೊರಗೆ ಕಾಣಬಾರದು. ಅದು ಅಂಗಡಿಯ ಮರ್ಯಾದೆ. ಭುಜದ ಮೇಲೆ ಚಂದದ ಒಂದು ಮಡಿಕೆ ಕೂರಿಸಿ, "ನೋಡಿ ತಾತ" ಎಂದಳು.

ಅಜ್ಜ ತಿರುಗಿ ನೋಡಿದ. ಬಗ್ಗಿ ಶಾಲಿನ ಅಂಚು ಹುಡುಕಿದ.

"ಹೊಲಿಗೆ ಎಲ್ಲಮ್ಮ? ಅವಳ ಹೊಲಿಗೆ?"

"ಒಳಗೆ ಹಾಕಿದೀನಿ. ಹರಿದದ್ದು ಕಾಣಬಾರದಲ್ಲ..."

"ಅಯ್ಯೋ ತಾಯಿ, ಶಾಲು ಅಂಗಡೀದು. ಹೊಲಿಗೆ ಒಂದೇ ಅವಳದ್ದು!"

ಅವಳು ಗಡಬಡಿಸಿ ಶಾಲಿಗೆ ಕೈ ಹಾಕಿದಳು. ಮುಟ್ಟಿ ನೋಡಿದರೆ ಕೆಳಗಿನ ನಿರಿಗೆ ಆಗಲೇ ಬಿಗಿಯುತ್ತಿದೆ. ಬಿಡಿಸಲು ಹೋದರೆ ಬಿರುಕು ಬಿಡಬಹುದು, ಬಿಟ್ಟರೆ ಆ ಹೊಲಿಗೆ ಎಂದೆಂದಿಗೂ ಕತ್ತಲಲ್ಲಿ. ತಪ್ಪಾಯಿತು ಅನ್ನಲೂ ಹೊತ್ತಿಲ್ಲ.

"ರೀ, ನೀರು ಚಿಮುಕಿಸಿ. ತಾತ, ಆ ಕೈ ಹಿಡ್ಕೊಳ್ಳಿ. ಹಿಡ್ಕೊಳ್ಳಿ, ನಡುಗಿದ್ರೆ ನಡುಗ್ಲಿ!"

ಟೈಮ್‌ಟೇಬಲ್ ಬೊಗಸೆಯಲ್ಲಿ ನೀರು ತಂದು ತಂದು ಎರಚಿದ. ಅಜ್ಜ ಕಂಬಿಯ ಕೈಯನ್ನು ಅಪ್ಪಿ ಹಿಡಿದ. ಅವಳು ಮಡಿಕೆಯ ಒಳಗೆ ಎರಡು ಬೆರಳು ತೂರಿಸಿ, ಮಗುವಿನ ತೋಳಿಂದ ಒದ್ದೆ ಅಂಗಿ ಬಿಡಿಸುವ ಹಾಗೆ, ಎಳೆಯದೆ, ಸರಿಸುತ್ತ ಸರಿಸುತ್ತ ಅಂಚನ್ನು ಹೊರಕ್ಕೆ ತಂದಳು. ಅವಳು ಕೂರಿಸಿದ್ದ ಚಂದದ ಮಡಿಕೆ ಕುಸಿದುಹೋಯಿತು. ಹೋಗಲಿ. ಶಾಲು ಒಂದು ಭುಜದಿಂದ ಜಾರಿ, ಆಕೃತಿ ಕೆಲಸದ ನಡುವೆ ಓಡಿಬಂದು ಮಂಡಿಯೂರಿದವಳ ಹಾಗೆ ಕಂಡಿತು. ಹರಿದ ಅಂಚು ಎದೆಯ ಮೇಲೆ, ಎಲ್ಲರಿಗೂ ಕಾಣುವಂತೆ ಬಂದು ಕೂತಿತು.

"ಒಣಗಿದ ಮೇಲೇ ಗೊತ್ತಾಗೋದು" ಎಂದ ಅಜ್ಜ.

ಆವತ್ತು ಮುಂದಿನ ಊರಿನ ಮಾತನ್ನು ಗಂಡ ಎತ್ತಲೇ ಇಲ್ಲ. ವ್ಯಾನನ್ನು ಬೇಲಿಯ ಪಕ್ಕಕ್ಕೆ ತಂದು ಚಕ್ರಕ್ಕೆ ಕಲ್ಲು ಕೊಟ್ಟ.

ಬೆಳಿಗ್ಗೆ ಅಜ್ಜ ರಾತ್ರಿ ಆಕೃತಿಗೆ ಹೊದಿಸಿದ್ದ ಒದ್ದೆ ಗೋಣಿ ತೆಗೆದಾಗ ಅವಳು ಪಕ್ಕದಲ್ಲೇ ನಿಂತಿದ್ದಳು. ಭುಜದ ಹತ್ತಿರ ಕೂದಲೆಳೆಯಂಥ ಒಂದು ಬಿರುಕಿತ್ತು. ಹೊಲಿಗೆ ಮಾತ್ರ ಒಂದೂ ತಪ್ಪದೆ ಎದ್ದು ನಿಂತಿತ್ತು, ದಾರದ ಹುರಿ ಕೂಡ ಕಾಣುವಷ್ಟು. ಅವಳು ಬಗ್ಗಿ ನೋಡಿದಳು. ಎಲ್ಲರ ಹೊಲಿಗೆ ವಾಲುವ ಕಡೆಗೆ ಇದು ವಾಲಿರಲಿಲ್ಲ.

"ನಿಮ್ಮ ಮನೆಯವರು ಎಡಗೈಯಲ್ಲಿ ಹೊಲೀತಿದ್ರಾ ತಾತ?"

ಅಜ್ಜ ಆ ಹೊಲಿಗೆಯ ಮೇಲೆ ಬೆರಳಿಟ್ಟ.

"ಬೇರೆ ಯಾರೂ ಇಲ್ಲದಾಗ ಮಾತ್ರ" ಎಂದ. "ಚಿಕ್ಕಂದಿನಲ್ಲಿ ಅದಕ್ಕೆ ಅವರಮ್ಮ ಹೊಡೀತಿದ್ರಂತೆ. ನನ್ನ ಮುಂದೆ ಮಾತ್ರ ಆರಾಮಾಗಿ ಎಡಗೈಲೇ ಹೊಲೀತಿದ್ಲು." ಆಮೇಲೆ ಚಪ್ಪರದ ಕಟ್ಟೆಯ ಮೇಲೆ ಕೂತು, ಪಕ್ಕದ ಜಾಗದ ಧೂಳನ್ನು ಅಂಗೈಯಿಂದ ಒರೆಸಿದ. "ಕೂತ್ಕೊಳ್ಳಿ. ಹೇಳ್ತೀನಿ ಅವಳ ವಿಷಯ."

ಅವಳು ಕೂತಳು. ಟೈಮ್‌ಟೇಬಲ್ ಚಹಾ ಕಾಯಿಸಲು ವ್ಯಾನಿನ ಕಡೆ ಹೋದ.